ಅಧ್ಯಕ್ಷೆಯನ್ನೇ ಕೇಳಿ

ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ (ಈಗಿನ ಹೆಸರು ಸ್ಕೌಟಿಂಗ್ ಅಮೆರಿಕ) ಕೊಡುವ ಅತಿ ಎತ್ತರದ ಪದವಿಯಾದ ಈಗಲ್ ಸ್ಕೌಟ್ ಎಂದರೆ ಎಲ್ಲರಿಗೂ ಗೊತ್ತು. ಅದೇ ಸಂಸ್ಥೆ 1998ರಲ್ಲಿ ದೊಡ್ಡ ಮಕ್ಕಳಿಗಾಗಿ ತೆರೆದ ವೆಂಚರಿಂಗ್ ವಿಭಾಗದ ಮಾತು ಅಷ್ಟಾಗಿ ಬರುವುದಿಲ್ಲ. ಇದರಲ್ಲಿ 14ರಿಂದ 20 ವರ್ಷದ ಹುಡುಗ ಹುಡುಗಿಯರು ಒಂದೇ ‘ಕ್ರ್ಯೂ’, ಅಂದರೆ ತಂಡ, ಕಟ್ಟಿಕೊಳ್ಳುತ್ತಾರೆ, ಅದನ್ನು ನಡೆಸುವವರೂ ಅವರೇ. ನಮ್ಮ ಮಕ್ಕಳಿಗೆ ಪದಕಕ್ಕಿಂತ ಹೆಚ್ಚಾಗಿ ಬೇಕಾದದ್ದು ಇದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಏರ್ಪಾಡು ಸರಳ. ಅಧ್ಯಕ್ಷ ಅಥವಾ ಅಧ್ಯಕ್ಷೆ, ಇಬ್ಬರು ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ. ಇವರನ್ನು ಸದಸ್ಯರೇ ಆರಿಸುತ್ತಾರೆ. ಒಬ್ಬ ಉಪಾಧ್ಯಕ್ಷರು ಹೊಸಬರನ್ನು ಸೇರಿಸುವುದು, ಪದಕಗಳ ಲೆಕ್ಕ ನೋಡಿಕೊಂಡರೆ ಇನ್ನೊಬ್ಬರು ವರ್ಷದ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಾರೆ. ಪ್ರತಿ ಚಾರಣಕ್ಕೆ, ಪ್ರತಿ ಶ್ರಮದಾನಕ್ಕೆ ಬೇರೆಯೇ ಒಬ್ಬ ಹೊಣೆಗಾರ. ಹೀಗಾಗಿ ಪದಾಧಿಕಾರಿಯಲ್ಲದ 14ರ ಹುಡುಗನಿಗೂ ವರ್ಷದಲ್ಲಿ ಒಮ್ಮೆಯಾದರೂ ಪೂರ್ತಿ ಹೊಣೆ ಬರುತ್ತದೆ. 21 ತುಂಬಿದ ಹಿರಿಯ ಸಲಹೆಗಾರರು, ಅಂದರೆ ಅಡ್ವೈಸರ್, ಪಕ್ಕದಲ್ಲಿ ಕೂರುತ್ತಾರೆ. ಸಭೆ ನಡೆಸುವುದು ಅವರ ಕೆಲಸವಲ್ಲ.

ಇದೇನೂ ನಮಗೆ ಹೊಸದಲ್ಲ. ನಮ್ಮ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ರೋವರ್‌ಗಳಲ್ಲೂ, ಅಂದರೆ ಕಾಲೇಜು ವಯಸ್ಸಿನ ಹುಡುಗರ ವಿಭಾಗದಲ್ಲೂ, ರೋವರ್ ಮೇಟ್, ಸೀನಿಯರ್ ರೋವರ್ ಮೇಟ್ ಎಂಬ ಯುವ ನಾಯಕರು, ಕ್ರ್ಯೂ ಕೌನ್ಸಿಲ್ ಎಲ್ಲ ಉಂಟು. ಹುಡುಗಿಯರದು ರೇಂಜರ್ ಎಂದು ಬೇರೆ, ಅಷ್ಟೇ. ಕಾಗದದ ಮೇಲೆ ಎರಡೂ ಅಕ್ಕತಂಗಿಯರಂತೆ. ವ್ಯತ್ಯಾಸ ಕಾಣುವುದು ‘ಶನಿವಾರ ಬಸ್ಸು ಎಷ್ಟು ಗಂಟೆಗೆ?’ ಎಂಬ ಪ್ರಶ್ನೆ ಯಾರ ಬಳಿ ಹೋಗುತ್ತದೆ ಎನ್ನುವಲ್ಲಿ. ನಮ್ಮ ಕಾಲೇಜುಗಳಲ್ಲಿ ಅದು ಮೇಷ್ಟ್ರ ಬಳಿ ಹೋಗುವುದೇ ವಾಡಿಕೆ. ಒಳ್ಳೆಯ ಕ್ರ್ಯೂನಲ್ಲಿ ಅಡ್ವೈಸರ್ ಕೊಡುವ ಉತ್ತರ ಒಂದೇ: ‘ಅಧ್ಯಕ್ಷೆಯನ್ನೇ ಕೇಳಿ.’ ಗೊತ್ತಿದ್ದರೂ ಅವರು ಹೇಳಬಾರದು. ಒಮ್ಮೆ ಹೇಳಿದರೆ ಮುಂದಿನ ವಾರ ಎಲ್ಲ ಅಪ್ಪ ಅಮ್ಮಂದಿರೂ ನೇರ ಅವರಿಗೇ ಫೋನ್ ಮಾಡುತ್ತಾರೆ, ಅಧ್ಯಕ್ಷೆಯ ಕುರ್ಚಿ ಬರೀ ಹೆಸರಿಗೆ ಉಳಿಯುತ್ತದೆ.

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಾಡಿನಲ್ಲಿ ಎರಡು ರಾತ್ರಿಯ ಚಾರಣವನ್ನೇ ನೋಡಿ. ಎಂಟು ಮಕ್ಕಳು, ಇಬ್ಬರು ಹಿರಿಯರು. ಅಲ್ಲಿ ರಾತ್ರಿ ತಂಗುವ ಪರವಾನಗಿಯ ಹೆಚ್ಚಿನ ಪಾಲು 24 ವಾರ ಮೊದಲೇ ಲಾಟರಿಯಲ್ಲಿ ಹೋಗುತ್ತದೆ. ಜುಲೈ ಮಧ್ಯಕ್ಕೆ ಹೊರಡಬೇಕಾದರೆ ಜನವರಿ ಕೊನೆಯಲ್ಲಿ ಅರ್ಜಿ ಸಿದ್ಧವಿರಬೇಕು, ಅಂದರೆ ನವೆಂಬರ್‌ನಲ್ಲೇ ಹೊಣೆಗಾರ ನಿಗದಿಯಾಗಿರಬೇಕು. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಏಪ್ರಿಲ್‌ನಲ್ಲಿ ಉತ್ಸಾಹ ಬರುತ್ತದೆ, ಅಷ್ಟರಲ್ಲಿ ಲಾಟರಿ ಮುಗಿದಿರುತ್ತದೆ. ಆಗ ಹಿರಿಯರು ಬೇರೆ ಜಾಗ ಹುಡುಕಿ ಕೊಡಬಾರದು. ಹೊರಡುವ ಏಳು ದಿನ ಮೊದಲು ಬಿಡುವ ಉಳಿದ ಪಾಲನ್ನು ಹಿಡಿಯುವುದೋ, ಬೇರೆ ಕಾಡೋ ಎಂದು ಅವರೇ ಕೂತು ತೀರ್ಮಾನಿಸಲಿ.

ಆಹಾರದ ಲೆಕ್ಕವೂ ಹಾಗೆಯೇ. ಅಲ್ಲಿ ಊಟವನ್ನೆಲ್ಲ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿಡುವುದು ಕಡ್ಡಾಯ. ಸುಮಾರು 11 ಲೀಟರಿನ ಡಬ್ಬಿಯಲ್ಲಿ ಒಬ್ಬರ ಒಂದು ವಾರದ ಊಟ ಹಿಡಿಯುತ್ತದೆ. ಹತ್ತು ಜನಕ್ಕೆ ಎರಡು ದಿನವೆಂದರೆ ಮೂರು ಡಬ್ಬಿ ಸಾಕೆಂದು ಲೆಕ್ಕ ಹೇಳುತ್ತದೆ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಕಸ ಕೂಡ ಅದರೊಳಗೇ ಹೋಗಬೇಕೆಂಬುದು ಮರೆತಿರುತ್ತದೆ, ನಾಲ್ಕು ಬೇಕು. ನಮ್ಮ ಮನೆಗಳ ಮಕ್ಕಳು ತೊಗರಿಬೇಳೆ ಕಟ್ಟಿಕೊಳ್ಳುವುದುಂಟು. 2,600 ಮೀಟರ್ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ಗ್ಯಾಸ್ ಖಾಲಿಯಾದರೂ ಬೇಳೆ ಗಟ್ಟಿಯಾಗಿಯೇ ಇರುತ್ತದೆ. ಮನೆಯಲ್ಲೇ ರವೆ ಹುರಿದು ಒಗ್ಗರಣೆ ಬೆರೆಸಿಕೊಂಡರೆ, ತಲೆಗೆ 75 ಗ್ರಾಂ ಲೆಕ್ಕದಲ್ಲಿ ಕುದಿನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಗೊಜ್ಜವಲಕ್ಕಿಗಂತೂ ಒಲೆಯೇ ಬೇಡ. ಆದರೂ, ಬೇಳೆ ಬೇಡ ಎಂದು ಅಡ್ವೈಸರ್ ಪಟ್ಟಿಯನ್ನು ಹೊಡೆದುಹಾಕಬಾರದು. ‘ಈ ಎತ್ತರದಲ್ಲಿ ಎಷ್ಟು ಹೊತ್ತು ಬೇಯಿಸಬೇಕು ಅಂತ ನೋಡಿದ್ದೀರಾ?’ ಎಂದು ಕೇಳಬಹುದು. ಅಲ್ಲಿಗೆ ನಿಲ್ಲಬೇಕು. ಒಂದು ರಾತ್ರಿ ಅರೆಹೊಟ್ಟೆ ಮಲಗಿದರೆ ಯಾರಿಗೂ ಏನೂ ಆಗುವುದಿಲ್ಲ.

ಹಿರಿಯರು ಬಾಯಿ ಬಿಡಲೇಬೇಕಾದ ಜಾಗಗಳೂ ಇವೆ. ಮಧ್ಯಾಹ್ನ ಗುಡುಗಿನ ಮೋಡ ಕಟ್ಟುತ್ತಿರುವಾಗ ಬೆಟ್ಟದ ಏಣಿನ ಮೇಲೆ ಹೊರಟರೆ, ಹಿಮ ಕರಗಿ ತುಂಬಿದ ಹೊಳೆ ದಾಟಲು ಹೊರಟರೆ ಚರ್ಚೆಯಿಲ್ಲ, ಬೇಡ ಎನ್ನಬೇಕು. ಮಕ್ಕಳ ರಕ್ಷಣೆಯ ನಿಯಮಗಳೂ ಹಾಗೆಯೇ. ಇಬ್ಬರು ನೋಂದಾಯಿತ ಹಿರಿಯರಿಲ್ಲದೆ ಹೊರಡುವಂತಿಲ್ಲ. ಹುಡುಗಿಯರಿದ್ದರೆ ಅವರಲ್ಲಿ ಒಬ್ಬ ಮಹಿಳೆ ಇರಲೇಬೇಕು. ಹಿರಿಯರು ಒಬ್ಬ ಹುಡುಗನಿಗೆ ಖಾಸಗಿಯಾಗಿ ಸಂದೇಶ ಕಳಿಸುವಂತಿಲ್ಲ, ಅದರಲ್ಲಿ ಪೋಷಕರೋ ಇನ್ನೊಬ್ಬ ಹಿರಿಯರೋ ಸೇರಿರಬೇಕು. 18 ತುಂಬಿದ ಸದಸ್ಯ ಅದಕ್ಕಿಂತ ಕಿರಿಯರೊಡನೆ ಒಂದೇ ಟೆಂಟಿನಲ್ಲಿ ಮಲಗುವಂತಿಲ್ಲ. ವರ್ಷದ ನಡುವೆ ಹುಟ್ಟುಹಬ್ಬ ಬಂದು ಟೆಂಟಿನ ಲೆಕ್ಕ ತಪ್ಪುವುದು ಇದರಿಂದಲೇ. ಪಟ್ಟಿ ಮಾಡುವಾಗ ಕಾರ್ಯದರ್ಶಿ ಹುಟ್ಟಿದ ದಿನಾಂಕವನ್ನೂ ಬರೆದುಕೊಂಡಿರಬೇಕು.

ಅಧ್ಯಕ್ಷರನ್ನು ಆರಿಸುವಾಗ ತರಗತಿ ನೋಡಬೇಕು. ಹನ್ನೆರಡನೆಯವರು ಕಾಲೇಜು ಅರ್ಜಿಗಳಲ್ಲಿ ಅಕ್ಟೋಬರ್‌ನಿಂದ ಜನವರಿ ಮೊದಲ ವಾರದವರೆಗೆ ಮುಳುಗಿರುತ್ತಾರೆ. ಪರವಾನಗಿಯ ಸಿದ್ಧತೆಯೂ ಸರಿಯಾಗಿ ಅದೇ ಹೊತ್ತಿಗೆ. ಜೂನ್‌ನಲ್ಲಿ ಚುನಾವಣೆ ಇಟ್ಟು, ಹನ್ನೊಂದಕ್ಕೆ ಕಾಲಿಡುವವರನ್ನು ಆರಿಸುವುದು ಲೇಸು. ಹಳೆಯ ಅಧ್ಯಕ್ಷರು ಪಕ್ಕದಲ್ಲಿದ್ದು ದಾರಿ ಹೇಳಲಿ.

ಹಣದ ವಿಷಯದಲ್ಲಿ ನಮ್ಮವರು ತುಂಬಾ ಹಿಂಜರಿಯುತ್ತಾರೆ. ಬ್ಯಾಂಕಿನ ಸಹಿ ಹಿರಿಯರದೇ ಇರಲಿ, ಆದರೆ ತಲೆಗೆಷ್ಟು ಎಂದು ನಿರ್ಧರಿಸುವುದು, ವಸೂಲಿ, ರಸೀದಿ ಎಲ್ಲ ಖಜಾಂಚಿಯ ಕೈಯಲ್ಲಿರಲಿ. ನೂರು ಡಾಲರ್ ಕಡಿಮೆ ಬಿದ್ದಾಗ ಯಾರೋ ಒಬ್ಬ ತಂದೆ ಪ್ರೀತಿಯಿಂದ ಸದ್ದಿಲ್ಲದೆ ತುಂಬಿಬಿಡುತ್ತಾರೆ. ಆಗ ಲೆಕ್ಕ ತಪ್ಪಿದ್ದೇ ಮಕ್ಕಳಿಗೆ ತಿಳಿಯುವುದಿಲ್ಲ, ಮುಂದಿನ ಸಲವೂ ಅಷ್ಟೇ ಕಡಿಮೆ ಬೀಳುತ್ತದೆ.

ನಮ್ಮ ಕಡೆಯ ಕಾಲೇಜು ರೋವರ್‌ಗಳು ಇದನ್ನು ಕುಮಾರ ಪರ್ವತದಿಂದಲೇ ಶುರುಮಾಡಬಹುದು. ಅದಕ್ಕೂ ಈಗ ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚಿತವಾಗಿ ತೆಗೆಯಬೇಕು, ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಟಿಕೆಟ್, ಸುಬ್ರಹ್ಮಣ್ಯದ ಬಸ್ಸು, ತಲೆಗೆ ಮೂರು ಲೀಟರ್ ನೀರು, ಬುತ್ತಿ, ಬರದವರ ಹಣ ವಾಪಸ್ಸು: ಇಷ್ಟನ್ನೂ ಸೀನಿಯರ್ ರೋವರ್ ಮೇಟ್‌ಗೆ ಒಪ್ಪಿಸಿ, ಮೇಷ್ಟ್ರು ಸಾಲಿನ ಕೊನೆಯಲ್ಲಿ ನಡೆಯಲಿ.