ತನ್ನ ಕೊರಳಿಗೆ ತಾನೇ ಪದಕ

ಆ ವಿಡಿಯೊ ನೀವೂ ನೋಡಿರುತ್ತೀರಿ. 2025ರ ಡಿಸೆಂಬರ್ 5, ವಾಷಿಂಗ್ಟನ್ನಿನ ಕೆನಡಿ ಸೆಂಟರ್. ಸೇರಿದ್ದು ವಿಶ್ವಕಪ್ ಫುಟ್‌ಬಾಲಿನ ಡ್ರಾ ಎತ್ತಲಿಕ್ಕೆ, ಕೊಟ್ಟದ್ದು ಶಾಂತಿ ಪ್ರಶಸ್ತಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾದ ಅಧ್ಯಕ್ಷ ಇನ್‌ಫಾಂಟಿನೊ ಪಕ್ಕದಲ್ಲೇ ನಿಂತಿದ್ದರೂ ಟ್ರಂಪ್ ಸಾಹೇಬರು ಪದಕವನ್ನು ತಾವೇ ಎತ್ತಿ ಕೊರಳಿಗೆ ಹಾಕಿಕೊಂಡರು. ಸ್ವಂತ ದುಡ್ಡಲ್ಲಿ ಶಾಲು, ಪೇಟ ತಂದು ಸನ್ಮಾನ ಮಾಡಿಸಿಕೊಳ್ಳುವ ನಮ್ಮೂರ ಮಹನೀಯರಿಗೂ ಹಾರ ಹಾಕಲು ಇನ್ನೊಬ್ಬರ ಕೈಯಾದರೂ ಬೇಕಿತ್ತು! ಸಾಹೇಬರು ಕಣ್ಣಿಟ್ಟಿದ್ದ ಶಾಂತಿ ನೊಬೆಲ್ ಅಕ್ಟೋಬರ್‌ನಲ್ಲಿ ವೆನೆಜುವೆಲಾದ ವಿರೋಧ ಪಕ್ಷದ ನಾಯಕಿ ಮಚಾಡೊ ಪಾಲಾಗಿತ್ತು. ನವೆಂಬರ್‌ನಲ್ಲಿ ಈ ಹೊಸ ಪ್ರಶಸ್ತಿ ಹುಟ್ಟಿತು. ಅಳತೆ ಕೊಟ್ಟು ಹೊಲಿಸಿದ ಅಂಗಿ.

ನನ್ನ ಕೇಳಿದ್ದರೆ ಸಾಹೇಬರ ವ್ಯಾಪಾರಕ್ಕೇ ಒಂದು ಪದಕ ಕೊಡಿ ಅನ್ನುತ್ತಿದ್ದೆ. ತಾಜ್ ಮಹಲ್ ನೆನಪಿದೆಯಲ್ಲ? ಆಗ್ರಾದ್ದಲ್ಲ, 1990ರ ಏಪ್ರಿಲ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಟ್ರಂಪ್ ತೆರೆದ ಕ್ಯಾಸಿನೊ. ‘ಜಗತ್ತಿನ ಎಂಟನೇ ಅದ್ಭುತ’ ಅಂತ ಅವರೇ ಹೊಗಳಿಕೊಂಡಿದ್ದು. ಅದೇ ಊರಲ್ಲಿ ಅವರವೇ ಇನ್ನೆರಡು ಆಗಲೇ ಇದ್ದವು. ತನಗೆ ತಾನೇ ಪೈಪೋಟಿ, ಸಾಲಪತ್ರಕ್ಕೆ ನೂರಕ್ಕೆ 14ರ ಬಡ್ಡಿ. ಮರುವರ್ಷವೇ ದಿವಾಳಿ. ಜಾತ್ರೆಯಲ್ಲಿ ಅಂದರ್-ಬಾಹರ್ ಹಾಸಿ ಕೂತವನು ಪಾಪರ್ ಆದದ್ದನ್ನು ನಾನಂತೂ ಕಂಡಿಲ್ಲ.

1990ರ ಡಿಸೆಂಬರ್‌ನಲ್ಲಿ ಅವರ ಇನ್ನೊಂದು ಕ್ಯಾಸಿನೊಗೆ ಸಾಲದ ಕಂತು ಕಟ್ಟಲೂ ಕಾಸಿಲ್ಲ. ಅಪ್ಪ ಫ್ರೆಡ್ ಕಳಿಸಿದ ವಕೀಲರು ಬಂದರು, 33.5 ಲಕ್ಷ ಡಾಲರಿಗೆ ಚಿಪ್ಸ್ ಕೊಂಡರು. ಬಾಳೆಕಾಯಿಯದಲ್ಲ, ಜೂಜಿನ ಬಿಲ್ಲೆ. ಒಂದಾಟ ಆಡದೆ ಹೊರಟೇಹೋದರು! ಆ ದುಡ್ಡು ಕಂತಿಗಾಯಿತು. ಇದು ಚಿಪ್ಸಿನ ವೇಷದ ಸಾಲವೆಂದು ಆಮೇಲೆ ದಂಡ ಬಿತ್ತು, ಅದು ಬೇರೆ ಮಾತು. ಬ್ಯಾಂಕಿನವರೂ ಕಣ್ಣು ಕೆಂಪಗೆ ಮಾಡಿ ಕಠಿಣ ಶಿಕ್ಷೆ ಕೊಟ್ಟರು: ಇನ್ನು ಸ್ವಂತ ಖರ್ಚು ತಿಂಗಳಿಗೆ 4,50,000 ಡಾಲರ್ ದಾಟಕೂಡದು. ಪಾಪ, ಸಂಸಾರ ಹೇಗೆ ತೂಗಿಸಿದರೋ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮಹಲು ಕಟ್ಟಿದ ಸಣ್ಣ ಗುತ್ತಿಗೆದಾರರು ಬಾಕಿ ಬಿಲ್ ಹಿಡಿದು ಅಲೆದರು. ಎಷ್ಟೋ ಜನ ಬಾಕಿಯಲ್ಲಿ ಸಿಕ್ಕಷ್ಟು ತಗೊಂಡು ಬಾಯಿ ಮುಚ್ಚಿಕೊಂಡರು. ಅವರ ಮನೆಖರ್ಚು ಎಷ್ಟು ಅಂತ ಯಾವ ಬ್ಯಾಂಕೂ ಕೇಳಲಿಲ್ಲ. ಕೆಲಸ ಮಾಡಿದವನಿಗೆ ಕೂಲಿ ಕೊಡದವನನ್ನು ‘ಭಾರೀ ಚಾಲಾಕಿ’ ಅಂತ ಮೆಚ್ಚುವವರನ್ನು ನೋಡಿ ನೋಡಿ ಸಾಕಾಗಿದೆ.

ಅಷ್ಟರಲ್ಲಿ ಬೇರೆಯವರ ಕೈ ಸೇರಿದ್ದ ತಾಜ್ 2016ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ನವೆಂಬರ್‌ನಲ್ಲಿ ಅಮೆರಿಕ ಖಜಾನೆಯ ಬೀಗದಕೈ ತಂದು ಟ್ರಂಪ್ ಸಾಹೇಬರ ಕೈಗಿಟ್ಟಿತು.