ಸೇವೆ ಮಾಡುವವರ ಬಳಿ ಲೆಕ್ಕ ಕೇಳಬಾರದಂತೆ

ಸಂಬಳವಿಲ್ಲ, ಭತ್ಯೆಯಿಲ್ಲ, ಭಾನುವಾರದ ನಿದ್ದೆಯೂ ಇಲ್ಲ. ಅಂಥದೊಂದು ಕುರ್ಚಿಗಾಗಿ ವಿಧಾನಸಭೆ ಚುನಾವಣೆಯೇ ನಾಚುವಷ್ಟು ಮಸಲತ್ತು ನಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ. ಬೆಂಗಳೂರಿನ ಒಂದು ಶ್ವಾನ ಕ್ರೀಡಾ ಸಂಘದ ಆಡಳಿತ ಮಂಡಳಿಗೆ ನಿಂತು ಸೋತಿದ್ದೇನೆ. ಸೋತದ್ದಕ್ಕೆ ಬೇಸರವಿಲ್ಲ, ಸೋಲಿಸಿದ ರೀತಿಗೆ ಮೈಯೆಲ್ಲ ಉರಿಯುತ್ತಿದೆ. ಸಂಘದ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ನಾಲ್ಕು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ. ಉಳಿದವರಿಗೆ ತಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವೋ ಗೃಹ ನಿರ್ಮಾಣ ಸಹಕಾರ ಸಂಘವೋ ನೆನಪಾಗುತ್ತದೆ.

"ನಾಯಿಗೂ ಕ್ರೀಡೆಯೇ?" ಎಂದು ಹುಬ್ಬೇರಿಸುವವರಿಗೆ ಎರಡು ಮಾತು. ನಮ್ಮದು ಅಜಿಲಿಟಿ. ತೀರ್ಪುಗಾರರು ನಿಗದಿ ಮಾಡಿದ ಕ್ರಮದಲ್ಲಿ ನಾಯಿ ಅಡೆತಡೆಗಳನ್ನು ದಾಟುತ್ತಾ ಓಡಬೇಕು; ಯಜಮಾನ ಪಕ್ಕದಲ್ಲಿ ಓಡುತ್ತಾ ಮಾತಿನಿಂದ, ಕೈಸನ್ನೆಯಿಂದ ದಾರಿ ತೋರಿಸಬೇಕು, ಮುಟ್ಟುವಂತಿಲ್ಲ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಎರಡು ಕಾರ್ಯಕ್ರಮಗಳ ನಡುವೆ ಪ್ರೇಕ್ಷಕರಿಗೆ ಬೇಸರವಾಗದಿರಲಿ ಎಂದು ಕುದುರೆಗಳ ಜಿಗಿತದ ಸ್ಪರ್ಧೆಯನ್ನು ಅನುಕರಿಸಿ ತೋರಿಸಿದ ಆಟ ಇದು. ಈಗ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಇದೆ. ಎಗರಲು ಅಡ್ಡಕಂಬಿಗಳು, ನುಸುಳಲು ಸುರಂಗ, ನಡುವೆ ತೂಗುವ ಹಲಗೆ, ಕಿರಿದಾದ ಸೇತುವೆಯಂಥ ಡಾಗ್ ವಾಕ್, ಎರಡು ದೊಡ್ಡ ಹಲಗೆಗಳನ್ನು ತಲೆಗೆ ತಲೆ ಆನಿಸಿ ನಿಲ್ಲಿಸಿದ ಎ-ಫ್ರೇಮ್, ಆಮೇಲೆ ಸಾಲಾಗಿ ನೆಟ್ಟ 12 ವೀವ್ ಕಂಬಗಳು. ಮೊದಲ ಕಂಬ ನಾಯಿಯ ಎಡ ಭುಜದ ಪಕ್ಕಕ್ಕೆ ಬರುವಂತೆಯೇ ಒಳಗೆ ಹೊಕ್ಕು, ಒಂದನ್ನೂ ತಪ್ಪಿಸದೆ ಹೆಣೆದುಕೊಂಡು ಹೊರಬರಬೇಕು. ನೋಡಲು ಎರಡು ಮೂರು ಸೆಕೆಂಡಿನ ಕೆಲಸ, ಕಲಿಸಲು ತಿಂಗಳುಗಟ್ಟಲೆ ಬೇಕು.

ಇದರಲ್ಲಿ ಸಲಕರಣೆಯ ಅಳತೆ ಎನ್ನುವುದು ಶೋಕಿಯ ವಿಷಯವಲ್ಲ. ಎ-ಫ್ರೇಮ್ ಇಳಿಯುವಾಗ ಬೇರೆ ಬಣ್ಣ ಬಳಿದ ಕೆಳಭಾಗಕ್ಕೆ ನಾಯಿಯ ಒಂದು ಪಂಜವಾದರೂ ತಾಗಬೇಕು, ತಾಗದಿದ್ದರೆ 5 ತಪ್ಪಂಕ. ಯಾಕೆ ಈ ನಿಯಮ? ಮೇಲಿನಿಂದಲೇ ಎಗರಿದರೆ ಭುಜ, ಮಣಿಕಟ್ಟು ಹಾಳಾಗುತ್ತವೆ ಎಂದು. ಶ್ವಾನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ನಿಯಮದಲ್ಲಿ ಎ-ಫ್ರೇಮಿನ ತುದಿ ನೆಲದಿಂದ 1.70 ಮೀಟರ್. ಆ ಎತ್ತರದಿಂದ ಓಡುತ್ತಾ ಇಳಿಯುವ ನಾಯಿಗೆ ಹಲಗೆ ಜಾರಬಾರದು, ಅದಕ್ಕೇ ಮೇಲೆ ರಬ್ಬರಿನ ಹೊದಿಕೆ ಹಾಕುವುದು. ನಮ್ಮ ಸಂಘದ ಎ-ಫ್ರೇಮ್ ಬರೀ ಪ್ಲೈವುಡ್. ಬಣ್ಣ ಸವೆದು ಹಲಗೆ ಬೋಳಾಗಿದೆ. ಸಣ್ಣ ಮಳೆ ಬಿದ್ದರೂ ನಾಯಿಗಳು ಜಾರುತ್ತವೆ. ವೀವ್ ಕಂಬಗಳ ನಡುವೆ 60 ಸೆಂಟಿಮೀಟರ್ ಅಂತರ ಇರಬೇಕು. ಅಳತೆಪಟ್ಟಿ ಹಿಡಿದು ನೋಡಿದರೆ ಒಂದೊಂದು ಕಡೆ ಒಂದೊಂದು ಅಂತರ. ಒಳಗಿನಿಂದ ತೂರಿ ಹಾರಬೇಕಾದ ಟೈರ್‌ಗೆ ನಾಯಿ ಡಿಕ್ಕಿ ಹೊಡೆದರೆ ಅದು ಬಿಚ್ಚಿಕೊಳ್ಳಬೇಕು. ನಮ್ಮದನ್ನು ಲಾರಿಗೆ ಸಾಮಾನು ಬಿಗಿಯುವ ಹಗ್ಗದಿಂದ ಕಟ್ಟಿದ್ದಾರೆ.

ಇದನ್ನು ಸರಿಪಡಿಸಿ ಎಂದೆ. ಹಣವಿಲ್ಲ ಎಂದರು. ಪ್ರವೇಶ ಶುಲ್ಕ ವರ್ಷ ವರ್ಷವೂ ಏರುತ್ತಿದೆ, ನಾಯಿ ಆಹಾರ ಮಾರುವವರ ಪ್ರಾಯೋಜಕತ್ವವಿದೆ, ಮಳಿಗೆಗಳ ಬಾಡಿಗೆ ಬರುತ್ತದೆ, ಅದೆಲ್ಲ ಎಲ್ಲಿ ಹೋಯಿತು ಎಂದು ಕೇಳಿದೆ. ನನ್ನ ಗ್ರಹಚಾರ ಅಲ್ಲಿಂದ ಕೆಟ್ಟಿತು.

ಕಾರ್ಯದರ್ಶಿಯವರು ಕೈ ಮುಗಿದುಬಿಟ್ಟರು. "ಮೇಡಂ, ನಾವು ಇಲ್ಲಿ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಮನೆ ಮಠ ಬಿಟ್ಟು ಸೇವೆ ಮಾಡುತ್ತಿದ್ದೇವೆ. ನೀವು ಲೆಕ್ಕ ಕೇಳುತ್ತೀರಿ." ಸುತ್ತ ನಿಂತವರೆಲ್ಲ ನನ್ನನ್ನು ಪಾಪಿಯಂತೆ ನೋಡಿದರು. ನಾನು ಹೊಟ್ಟೆಪಾಡಿಗೆ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವಳು. ಸೇವೆಗೂ ರಶೀದಿಗೂ ಯಾವ ವೈರವೂ ಇಲ್ಲ ಎನ್ನುವುದು ನನಗೆ ಗೊತ್ತು. ಕೊನೆಗೆ ಬಹಳ ಗೋಗರೆದ ಮೇಲೆ ಸಿಕ್ಕಿದ್ದು ಒಂದೇ ಹಾಳೆಯ ಆಯವ್ಯಯ ಪಟ್ಟಿ. ಅದರಲ್ಲಿ ಸಲಕರಣೆಗಿಂತ ಸನ್ಮಾನಕ್ಕೆ ಆದ ಖರ್ಚು ದೊಡ್ಡದು, ಸನ್ಮಾನಕ್ಕಿಂತ "ಇತರೆ" ದೊಡ್ಡದು. ಇತರೆ ಎಂದರೇನು ಎಂದು ಕೇಳುವ ಜಾಗ ಆಡಳಿತ ಮಂಡಳಿ ಎಂದರು. ಸರಿ, ಆ ಜಾಗಕ್ಕೇ ಬರುತ್ತೇನೆ ಎಂದೆ.

ನಾಮಪತ್ರದ ನಮೂನೆ ಕಾರ್ಯದರ್ಶಿಯವರ ಮನೆಯಲ್ಲಿ ಮಾತ್ರ ಸಿಗುತ್ತದೆ, ಅದೂ ಕೆಲಸದ ದಿನ ಮಧ್ಯಾಹ್ನ. ಮೊಬೈಲಿಗೆ ಕಳಿಸಿ ಎಂದರೆ "ಮೂಲ ಪ್ರತಿಯೇ ಆಗಬೇಕು" ಎಂದರು. ರಜೆ ಹಾಕಿ ಹೋದರೆ ಅವರು ಮೈಸೂರಿನಲ್ಲಿ ಮದುವೆಗೆ. ನಮೂನೆ ಸಿಕ್ಕಿದ ಮೇಲೆ ಸೂಚಕರು, ಅನುಮೋದಕರು ಬೇಕು. ಸೂಚಕರಾಗಿ ಸಹಿ ಹಾಕಿದ ಸ್ನೇಹಿತರಿಗೆ ಅದೇ ರಾತ್ರಿ ಫೋನು ಹೋಯಿತು. ಮರುದಿನ ಅವರು ನನಗೆ ಫೋನ್ ಮಾಡಿ, "ತಪ್ಪು ತಿಳಿಯಬೇಡ, ಮುಂದಿನ ಪ್ರದರ್ಶನದಲ್ಲಿ ನನ್ನ ಮಗಳ ನಾಯಿಯ ಪ್ರವೇಶವಿದೆ" ಎಂದರು. ಇಡೀ ವ್ಯವಸ್ಥೆ ಆ ಒಂದು ವಾಕ್ಯದಲ್ಲಿದೆ. ಯಾರೂ ಯಾರನ್ನೂ ಬೆದರಿಸಿಲ್ಲ. ಬರೀ ಕುಶಲ ವಿಚಾರಿಸಿದ್ದಾರೆ.

ಬೇರೆ ಸೂಚಕರನ್ನು ಹುಡುಕಿದೆ. ಆಗ ನನ್ನ ಸದಸ್ಯತ್ವ ಶುಲ್ಕವೇ ಬಾಕಿಯಿದೆ ಎಂದರು. ಬ್ಯಾಂಕಿನ ಪಟ್ಟಿ ತೋರಿಸಿದೆ. "ಹಣ ಬಂದಿದೆ, ಆದರೆ ನಾವು ರಶೀದಿ ಕೊಟ್ಟಿಲ್ಲವಲ್ಲ" ಎಂಬ ಉತ್ತರ ಬಂತು. ಇದನ್ನು ನಾನು ಕಲ್ಪಿಸಿ ಬರೆಯುತ್ತಿಲ್ಲ. ರಶೀದಿ ಕೊಡಬೇಕಾದವರೇ ರಶೀದಿ ಇಲ್ಲ ಎಂದು ಅನರ್ಹಗೊಳಿಸುವ ಚಾತುರ್ಯ ನನ್ನ ಕಲ್ಪನೆಗೆ ಎಟುಕುವಂಥದ್ದಲ್ಲ.

ಹೇಗೋ ನಾಮಪತ್ರ ಉಳಿಯಿತು. ಆಮೇಲೆ ಹಿರಿಯರ ಸರದಿ. ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದರು, ಎಲ್ಲರದೂ ತಂದೆಯಂಥ ದನಿ. "ನೋಡಮ್ಮ, ನಮ್ಮಲ್ಲಿ ಮೊದಲಿನಿಂದಲೂ ಅವಿರೋಧ ಆಯ್ಕೆಯೇ ಪರಂಪರೆ. ಮತದಾನ ಎಂದರೆ ಹಿರಿಯರಿಗೆ ಅವಮಾನ." ಇನ್ನೊಬ್ಬರು, "ನಿನಗೇಕಮ್ಮ ಇದೆಲ್ಲ? ಇದರಿಂದ ನಿನಗೇನು ಸಿಗುತ್ತದೆ?" ಎಂದರು. ಅದನ್ನು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಅವರು ಕುರ್ಚಿಯಲ್ಲಿ ವರ್ಷಗಟ್ಟಲೆ ಕುಳಿತರೆ ನಿಸ್ವಾರ್ಥ ಸೇವೆ, ನಾನು ಅದೇ ಕುರ್ಚಿಗೆ ಅರ್ಜಿ ಹಾಕಿದರೆ ಏನೋ ಲಾಭವಿರಬೇಕು! ಏನೂ ಸಿಗದ ಜಾಗ ಅದಾಗಿದ್ದರೆ ಬಿಟ್ಟುಕೊಡಲು ಇಷ್ಟು ಕಷ್ಟವೇಕೆ ಸ್ವಾಮಿ? ಕೇಳಿದೆ. "ಅದು ನಿನಗೆ ಅರ್ಥವಾಗುವುದಿಲ್ಲ ಬಿಡು" ಎಂದರು.

ಇನ್ನೂ ಒಬ್ಬರು ಸುತ್ತಿ ಬಳಸಿ, ನಮ್ಮ ಊರು ಯಾವುದು, ಮನೆದೇವರು ಯಾವುದು, ತಾಯಿಯ ತವರು ಯಾವ ಕಡೆ ಎಂದು ವಿಚಾರಿಸಿ, ತಮಗೆ ಬೇಕಾದ ಉತ್ತರ ಸಿಕ್ಕಿತೆನಿಸಿದ ಮೇಲೆ ಫೋನ್ ಇಟ್ಟರು. ನಾಯಿಗಳನ್ನು ಸುರಂಗದಲ್ಲಿ ಓಡಿಸುವ ಸಂಘಕ್ಕೆ ನನ್ನ ಮನೆದೇವರು ಏಕೆ? ಆದರೆ ಅವರಿಗೆ ನಾಯಿಯದೂ ಬೇಕು. ನನ್ನ ಕೆಂಚ ಚರಂಡಿಯ ಪಕ್ಕ ಸಿಕ್ಕಿದ ಮರಿ. ಅಪ್ಪ ಯಾರೋ, ಅಮ್ಮ ಯಾರೋ. ಅಜಿಲಿಟಿಯಲ್ಲಿ ತಪ್ಪು ಎಣಿಸುತ್ತಾರೆ, ಸಮಯ ನೋಡುತ್ತಾರೆ, ಮೂತಿಯ ಉದ್ದ ನೋಡುವುದಿಲ್ಲ. ಬ್ರಿಟನ್ನಿನಲ್ಲಿ ಮಿಶ್ರ ತಳಿಯ ನಾಯಿಗಳು ಅಜಿಲಿಟಿಯಲ್ಲಿ ಓಡುತ್ತವೆ. ಅಮೆರಿಕದ ಕೆನಲ್ ಕ್ಲಬ್ ಕೂಡ 2010ರಲ್ಲಿ ಅವುಗಳಿಗೆ ಬಾಗಿಲು ತೆರೆಯಿತು. ನಮ್ಮವರು ಮಾತ್ರ "ವಂಶಾವಳಿ ಪತ್ರವಿಲ್ಲದ ನಾಯಿ ಸಾಕಿದವರು ಸಂಘ ನಡೆಸುತ್ತಾರಂತೆ" ಎಂದು ನಕ್ಕರಂತೆ. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂದದ್ದನ್ನು ಪ್ರತಿ ಭಾಷಣದಲ್ಲೂ ಹೆಮ್ಮೆಯಿಂದ ಹೇಳುವವರೇ ಇವರು. ದೇಶಿ ನಾಯಿ ಅಂಚೆಚೀಟಿಯ ಮೇಲಿದ್ದರೆ ಚೆಂದ, ಮೈದಾನದಲ್ಲಿ ಅವರ ಆಮದು ನಾಯಿಗಿಂತ ಮುಂದೆ ಓಡಿದರೆ ಚೆಂದವಿಲ್ಲ.

ಪ್ರಚಾರ ಮಾಡೋಣ ಎಂದರೆ ಮತದಾರರು ಯಾರು? ಸದಸ್ಯರ ಪಟ್ಟಿ ಕೊಡಿ ಎಂದು ಪತ್ರ ಬರೆದೆ. "ಸದಸ್ಯರ ಖಾಸಗಿತನ" ಎಂದು ಉತ್ತರ ಬಂತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯೋಣವೆಂದರೆ ಅದೇ ವಾರ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬದಲಿಸಿದ್ದರು. ಕಾರಣ: ಶುಭೋದಯ ಸಂದೇಶಗಳು ಹೆಚ್ಚಾಗಿವೆಯಂತೆ. (ಅತಿ ಹೆಚ್ಚು ಶುಭೋದಯ ಕಳಿಸುವವರು ಅಧ್ಯಕ್ಷರೇ. ಈಗಲೂ ಕಳಿಸುತ್ತಾರೆ, ಅವರು ಅಡ್ಮಿನ್.)

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಮಹಾಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಏನಾದರೂ ಕೆಟ್ಟಿದೆ ಎನಿಸಿದರೆ 25ನೇ ಪ್ರಕರಣದ ಅಡಿ ವಿಚಾರಣೆ ಕೇಳಬಹುದು. ಆಡಳಿತ ಮಂಡಳಿಯ ಬಹುಮತವಾದರೂ ಕೇಳಬೇಕು, ಇಲ್ಲವೇ ಸಂಘದ ಮೂರನೇ ಒಂದು ಭಾಗ ಸದಸ್ಯರಾದರೂ ಕೇಳಬೇಕು. ಮಂಡಳಿ ತನ್ನ ಮೇಲೆ ತಾನೇ ವಿಚಾರಣೆ ಕೇಳುವುದಿಲ್ಲ. ಇನ್ನು ಮೂರನೇ ಒಂದು ಭಾಗದ ಸಹಿ. ಯಾರ ಸಹಿ? ಎಷ್ಟು ಜನರಲ್ಲಿ ಮೂರನೇ ಒಂದು ಭಾಗ? ಆ ಪಟ್ಟಿಯೇ ಖಾಸಗಿ! ರಿಜಿಸ್ಟ್ರಾರ್ ತಾವಾಗಿಯೂ ವಿಚಾರಣೆ ಆರಂಭಿಸಬಹುದು ಎಂದಿದೆ ನಿಜ. ಒಂದು ಎ-ಫ್ರೇಮ್ ಜಾರುತ್ತದೆ ಎಂದು ಸಹಕಾರ ಇಲಾಖೆಯ ಅಧಿಕಾರಿ ತಾವಾಗಿ ಎದ್ದು ಬರುವ ದಿನಕ್ಕೆ ಕೆಂಚ ಬದುಕಿರಲಾರ.

ಮಹಾಸಭೆಯ ದಿನ ನಿಜಕ್ಕೂ ನೋಡುವಂತಿತ್ತು. ಮೈದಾನದಲ್ಲಿ ಒಮ್ಮೆಯೂ ಕಾಣದ ಮುಖಗಳು ಮೊದಲ ಸಾಲಿನಲ್ಲಿದ್ದವು. ಒಬ್ಬರಿಗಂತೂ ನಾಯಿ ಕಂಡರೆ ಭಯವಂತೆ, ಪಕ್ಕದಲ್ಲಿ ಕುಳಿತವರೇ ಹೇಳಿದರು. ಖಜಾಂಚಿಯವರು ಕೈಚೀಲದಿಂದ ಪ್ರಾಕ್ಸಿ ಪತ್ರಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು, ರಬ್ಬರ್ ಬ್ಯಾಂಡ್ ಹಾಕಿದ್ದ ಕಟ್ಟು. ಬಾರದ ಸದಸ್ಯರು ತಮ್ಮ ಮತವನ್ನು ಇವರ ಕೈಗೆ ಒಪ್ಪಿಸಿದ್ದಾರಂತೆ. ಸಹಿಗಳನ್ನು ತಾಳೆ ನೋಡೋಣ ಎಂದೆ. ಚುನಾವಣಾಧಿಕಾರಿ, ಅಂದರೆ ಕಾರ್ಯದರ್ಶಿಯವರ ಭಾವಮೈದುನ, "ಊಟಕ್ಕೆ ತಡವಾಗುತ್ತದೆ" ಎಂದರು. ಆಯವ್ಯಯ ಓದಿದರು, ಚಪ್ಪಾಳೆ ಬಿತ್ತು, ಅಂಗೀಕಾರವಾಯಿತು. ಪ್ರಶ್ನೆಗೆ ಎದ್ದು ನಿಂತರೆ ಮೈಕ್ ಕೆಟ್ಟಿತು. ಅಧ್ಯಕ್ಷರ ಭಾಷಣಕ್ಕೆ ಸರಿಯಾಯಿತು.

ಇವರ ಮೇಲಿನ ಸಿಟ್ಟು ಒಂದು ಕಡೆ ಇರಲಿ. ನನ್ನನ್ನು ನಿಜವಾಗಿ ಸುಟ್ಟವರು ನಮ್ಮವರು. ಬೆಳಗಿನ ತರಬೇತಿ ಮುಗಿಸಿ ಕಾಫಿ ಕುಡಿಯುವಾಗ ಇದೇ ಎ-ಫ್ರೇಮಿಗೆ ಶಾಪ ಹಾಕುವವರು. ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಸ್ಪರ್ಧೆ ಶುರು ಮಾಡಿದಾಗ, ಮನುಷ್ಯರಂತೆ ಮೈಬೆವರದೆ ಏದುಸಿರಿನಿಂದಲೇ ತಣ್ಣಗಾಗಬೇಕಾದ ನಾಯಿಗಳನ್ನು ನೆರಳಿಲ್ಲದ ಮೈದಾನದಲ್ಲಿ ಸಾಲಿಗೆ ನಿಲ್ಲಿಸಿದಾಗ, "ಯಾರಾದರೂ ಏನಾದರೂ ಮಾಡಬೇಕು" ಎಂದು ನನ್ನ ಕಿವಿ ಕಚ್ಚಿದವರು. ಆ ಯಾರಾದರೂ ನಾನಾದೆ. ಮತದಾನದ ದಿನ ಒಬ್ಬರಿಗೆ ಗೃಹಪ್ರವೇಶ, ಒಬ್ಬರಿಗೆ ಜ್ವರ, ಇನ್ನೊಬ್ಬರು ಬಂದೂ ಕೈ ಎತ್ತಲಿಲ್ಲ. ಹೌದು, ಕೈ ಎತ್ತಿ ಮತದಾನ. ಗುಪ್ತ ಮತದಾನಕ್ಕೆ ಪೆಟ್ಟಿಗೆ ತರಿಸಲು ಹಣವಿಲ್ಲ ಎಂದಿದ್ದರು. ಯಾರು ಕೈ ಎತ್ತುತ್ತಾರೆ ಎಂದು ವೇದಿಕೆಯಿಂದ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ನೋಡುತ್ತಿದ್ದರು. ಸಭೆ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಅದೇ ಜನ ಬಂದು, "ಧೈರ್ಯ ಮಾಡಿದಿರಿ ಮೇಡಂ, ನಮ್ಮ ಮನಸ್ಸೆಲ್ಲ ನಿಮ್ಮ ಕಡೆಯೇ ಇತ್ತು" ಎಂದು ಕೈ ಕುಲುಕಿದರು. ಆ ಕೈಯನ್ನು ಒಳಗೆ ಎತ್ತಿದ್ದರೆ ಆಗುತ್ತಿತ್ತು.

ಪ್ರತಿ ಸ್ಪರ್ಧೆಯ ಬೆಳಗ್ಗೆ ಕತ್ತಲೆಯಲ್ಲೇ ಬಂದು ಕಂಬಿ ಜೋಡಿಸುವವರು, ನಾಯಿಗಳಿಗೆ ನೀರು ತುಂಬಿಸುವವರು, ಸಮಯ ಬರೆದುಕೊಳ್ಳುವವರು, ಹೇಸಿಗೆ ಎತ್ತುವವರು ಬೇರೆ ಯಾರೋ. ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಕೋಟು ಧರಿಸಿ ಬಂದು ಬಹುಮಾನ ಹಂಚುವವರು ಇವರು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ. ಆ ಬೇರೆ ಯಾರೋಗಳಲ್ಲಿ ನಾನೂ ಒಬ್ಬಳು. ಆಗ ಒಮ್ಮೆಯೂ ಯಾರೂ ನನ್ನ ಮನೆದೇವರನ್ನು ಕೇಳಲಿಲ್ಲ, ಇದರಿಂದ ನಿನಗೇನು ಸಿಗುತ್ತದೆ ಎಂದೂ ಕೇಳಲಿಲ್ಲ.

ಚುನಾವಣೆ ಮುಗಿದ ವಾರವೇ ಕಾರ್ಯದರ್ಶಿಯವರಿಂದ ಸಂದೇಶ ಬಂತು. ಕ್ಷಮೆಯಲ್ಲ, ಲೆಕ್ಕವೂ ಅಲ್ಲ. "ಭಾನುವಾರ ಐದೂವರೆಗೆ ಬಂದುಬಿಡಿ ಮೇಡಂ, ವೀವ್ ಕಂಬಗಳನ್ನು ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಜೋಡಿಸುವುದಿಲ್ಲ." ಬರುವುದಿಲ್ಲ ಎಂದು ಬರೆದೆ. ಉತ್ತರ ತಕ್ಷಣ ಬಂತು: "ಇದನ್ನೇ ನಾವು ಹೇಳಿದ್ದು. ಅಧಿಕಾರ ಸಿಗದಿದ್ದರೆ ಸೇವೆಯೂ ಇಲ್ಲ."

ಗುಂಪಿನಲ್ಲಿ ಬರೆಯಲು ನನಗೆ ಅನುಮತಿ ಇಲ್ಲವಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ, ಸಂಬಂಧಪಟ್ಟವರು ಓದಿಕೊಳ್ಳಲಿ. ಉಗ್ರಾಣದ ಎಡಗಡೆಯ ಕಪಾಟಿನಲ್ಲಿರುವ ಐವತ್ತು ಮೀಟರಿನ ಅಳತೆಪಟ್ಟಿ, ಎರಡು ನೀಲಿ ನೀರಿನ ಟಬ್ಬುಗಳು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನನ್ನ ಸ್ವಂತದವು. ಮೂರಕ್ಕೂ ರಶೀದಿ ನನ್ನ ಬಳಿ ಇದೆ. ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ.