ಅಮ್ಮನ ಮಂಡಿ, ಅಂಗಳದ ಪಾಚಿ

ಜುಲೈ ಬಂತೆಂದರೆ ಉಡುಪಿಯ ನಮ್ಮ ಮನೆಯಂಗಳದ ಕೆಂಪುಕಲ್ಲಿನ ಮೇಲೆಲ್ಲ ಪಾಚಿ. ಅಡಿಕೆ ಸೋಗೆ ಹಾಸದೆ ಬಾವಿಕಟ್ಟೆಗೆ ಹೋಗುವ ಹಾಗಿಲ್ಲ. ಎಷ್ಟು ನೀರು ಹೊಯ್ದರೂ ಅದು ಬಿಡುವುದಿಲ್ಲ. ಕೆರೆದೇ ತೆಗೆಯಬೇಕು.

ಅಮ್ಮನ ಮಂಡಿಯೊಳಗೆ ಆಗಿದ್ದೂ ಇದೇ. ಮಂಡಿ ಬದಲಾಯಿಸಿದ ಮೂರನೇ ತಿಂಗಳಿಗೆ ಹೊಲಿಗೆಯ ಪಕ್ಕ ಹೆಸರುಕಾಳಿನಷ್ಟು ಗುಳ್ಳೆ ಎದ್ದಿತು. ಒತ್ತಿದರೆ ಹಳದಿ ನೀರು. ಕೊನೆಗೆ ಕೂರಿಸಿದ ಮಂಡಿಯನ್ನೇ ತೆಗೆದು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತುಂಡು ಇಟ್ಟರು. ಎರಡು ತಿಂಗಳ ಮೇಲೆ ಮತ್ತೆ ಹೊಸ ಮಂಡಿ. ಅಷ್ಟು ದಿನವೂ ಅಮ್ಮ ಗೋಡೆ ನೋಡಿಕೊಂಡು ಮಲಗಿದ್ದರು.

ಲೋಹದ ಮೇಲೆ ಕೂತ ಬ್ಯಾಕ್ಟೀರಿಯಾ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ಅದೇ ಬಯೋಫಿಲ್ಮ್. ಅದರೊಳಗೆ ಅಡಗಿದ್ದನ್ನು ಕೊಲ್ಲಲು ಕೆಲವೊಮ್ಮೆ ಸಾವಿರ ಪಟ್ಟು ಔಷಧಿ ಬೇಕಾಗಬಹುದು. ಅಷ್ಟನ್ನು ದೇಹ ತಾಳುತ್ತದಾ? 1987ರಲ್ಲಿ ಆಂಥನಿ ಗ್ರಿಸ್ಟೀನಾ ಎಂಬ ಅಮೆರಿಕದ ವೈದ್ಯರು ಲೋಹದ ಮೇಲೆ ಬ್ಯಾಕ್ಟೀರಿಯಾಕ್ಕೂ ನಮ್ಮ ಜೀವಕೋಶಕ್ಕೂ ನಡೆಯುವ ಈ ಪೈಪೋಟಿಯನ್ನು ಜಾಗ ಹಿಡಿಯುವ ಓಟ ಎಂದು ಕರೆದರು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ನಮ್ಮ ಜೀವಕೋಶ ಮೊದಲು ಬಂದು ಕೂತರೆ ಬಚಾವ್.

ಇಂಪ್ಲಾಂಟ್‌ಗೆ, ಅಂದರೆ ದೇಹದೊಳಗೆ ಕೂರಿಸುವ ಭಾಗಕ್ಕೆ, ಬ್ಯಾಕ್ಟೀರಿಯಾ ತಡೆಯುವ ಕೋಟಿಂಗ್ ಮಾಡುವುದು ಆ ಓಟದ ಮೊದಲ ಕೆಲವು ದಿನಗಳ ಕಾವಲು. ಮೂಳೆಗೆ ಹಾಕುವ ರಾಡಿಗೆ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ನ ಲೇಪ ಇದೆ, ದೊಡ್ಡ ಇಂಪ್ಲಾಂಟ್‌ಗಳಿಗೆ ಬೆಳ್ಳಿ ಲೇಪ ಇದೆ. ಬೆಳ್ಳಿ ಜಾಸ್ತಿಯಾದರೆ ನಮ್ಮ ಜೀವಕೋಶಕ್ಕೂ ಕೆಟ್ಟದ್ದು, ಹಾಗಾಗಿ ಸಿಕ್ಕಿದ್ದಕ್ಕೆಲ್ಲ ಬಳಿಯಲಾಗದು. ಹೃದಯದ ಬಡಿತ ಸರಿಯಿಡುವ ಪೇಸ್‌ಮೇಕರ್‌ಗೆ ಆಂಟಿಬಯೋಟಿಕ್ ಇರುವ ಬಲೆಯ ಚೀಲವೇ ಬಂದಿದೆ. ರಿಸ್ಕ್ ಜಾಸ್ತಿ ಇರುವ ಸುಮಾರು 7000 ರೋಗಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ದೊಡ್ಡ ಸೋಂಕು ಶೇ. 40ರಷ್ಟು ಕಡಿಮೆ.

ಮೊದಲ ಸಲ ಮಂಡಿ ಬದಲಾಯಿಸಿದವರಲ್ಲಿ ಸೋಂಕಾಗುವುದು ನೂರಕ್ಕೆ ಒಬ್ಬಿಬ್ಬರಿಗೆ. ಎಲ್ಲರಿಗೂ ದುಬಾರಿ ಲೇಪ ಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಅಮ್ಮನಿಗೆ ಹದಿನೈದು ವರ್ಷದ ಶುಗರ್ ಇತ್ತು. ಆ ಒಬ್ಬರು ಇವರೇ ಆಗಬಹುದು ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಿದ್ದು ಮೂರೇ: ಯಾವ ಕಂಪನಿ, ಎಷ್ಟು ವರ್ಷ ಬಾಳಿಕೆ, ಎಷ್ಟು ದುಡ್ಡು.

ಎರಡನೇ ಸಲದ ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಮಂಡಿಯ ಚಿತ್ರ ಬರೆದು, ಸಿಮೆಂಟ್ ಎಲ್ಲಿ, ಅದರಲ್ಲಿ ಯಾವ ಔಷಧಿ, ಆಪರೇಷನ್‌ಗೆ ಮೊದಲು ಶುಗರ್ ಎಷ್ಟಕ್ಕೆ ಇಳಿಯಬೇಕು, ಎಲ್ಲ ಕನ್ನಡದಲ್ಲೇ ಹೇಳಿದರು. ಹತ್ತು ನಿಮಿಷ ಅಷ್ಟೇ. ಮೊದಲ ಸಲವೇ ಸಿಗಬೇಕಿದ್ದ ಹತ್ತು ನಿಮಿಷ. ಆ ಚೀಟಿಯನ್ನು ಅಮ್ಮ ಎಲ್ಲಿಗೂ ಎಸೆಯಲಿಲ್ಲ, ಪಂಚಾಂಗದೊಳಗೆ ಮಡಚಿ ಇಟ್ಟುಕೊಂಡಿದ್ದಾರೆ.